ಬ್ಲಾಕ್ ಬಿಡುವ ಹೊತ್ತು: ಆಪರೇಷನ್ ನಂತರದ ನೋವಿಗೆ ಒಂದೇ ಇಂಜೆಕ್ಷನ್ ಸಾಕೋ, ನಳಿಕೆ ಬೇಕೋ?

ಅವ್ವನ ಎಡ ಮಂಡಿಯ ಆಪರೇಷನ್ ಆಗಿದ್ದು 2016ರಲ್ಲಿ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ಬೆಳಿಗ್ಗೆ 10 ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ವಾರ್ಡಿಗೆ ಬಂದಾಗ ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ಸಂಜೆ ಇಡ್ಲಿ ತಿಂದಳು. ಊರಿಗೆ ಫೋನ್ ಮಾಡಿಸಿ, ಹಸುವಿಗೆ ಹುಲ್ಲು ಹಾಕಿದರಾ ಎಂದು ವಿಚಾರಿಸಿದಳು. ರಾತ್ರಿ 9ಕ್ಕೆ ಸಿಸ್ಟರ್ ಗುಳಿಗೆ ತಂದರು. "ಈಗೇನೂ ನೋಯ್ತಿಲ್ಲ ಕಣವ್ವ, ಸುಮ್ನೆ ಯಾಕೆ ನುಂಗ್ಲಿ" ಅಂದಳು. ನಾನೂ ಬಲವಂತ ಮಾಡಲಿಲ್ಲ. ರಾತ್ರಿ ಎರಡೂವರೆಗೆ ನೋವು ಒಮ್ಮೆಲೇ ಬಂತು. ಮೂರು ಮಕ್ಕಳನ್ನು ಮನೆಯಲ್ಲೇ ಹೆತ್ತವಳು ನಮ್ಮವ್ವ. ಅಂಥವಳು ಮಂಚದ ಕಂಬಿ ಹಿಡಿದುಕೊಂಡು ಅತ್ತಳು. ಡ್ಯೂಟಿ ಡಾಕ್ಟರ್ ಬಂದು, ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವ ಹೊತ್ತಿಗೆ ಬೆಳಗಿನ ಜಾವ ನಾಲ್ಕು ಗಂಟೆ. ನೋವು ತಡೆಯಲು ನರಕ್ಕೆ ಕೊಟ್ಟಿದ್ದ ಇಂಜೆಕ್ಷನ್, ಅಂದರೆ ಬ್ಲಾಕ್, ಯಾವಾಗ ಬಿಡುತ್ತದೆ ಎಂದು ಅಲ್ಲಿ ಯಾರೂ ನಮಗೆ ಹೇಳಿರಲಿಲ್ಲ.

ಆಗಲೇ ನಾನು ಸ್ಟಾಫ್ ನರ್ಸ್. ಆದರೆ ಬೇರೆ ಆಸ್ಪತ್ರೆಯಲ್ಲಿ, ಹೆರಿಗೆ ವಾರ್ಡಿನಲ್ಲಿದ್ದೆ. ಆ ರಾತ್ರಿಯ ನಂತರ ಕೇಳಿಕೊಂಡು ಮೂಳೆ ವಿಭಾಗದ ವಾರ್ಡಿಗೆ ಹೋದೆ. 2019ರಲ್ಲಿ ಅವ್ವನ ಬಲ ಮಂಡಿಯೂ ಆಯಿತು. ಆ ಸಲ ನರದ ಪಕ್ಕ ಸಣ್ಣ ನಳಿಕೆ ಇಟ್ಟು ಮೂರು ದಿನ ಔಷಧಿ ಹರಿಸಿದರು. ಅದೇ ಅವ್ವ, ಅದೇ ಆಪರೇಷನ್, ಔಷಧಿಯೂ ಅದೇ ಜಾತಿಯದು. ಕೊಟ್ಟ ರೀತಿ ಬೇರೆ, ನಾವು ತಯಾರಾದ ರೀತಿ ಬೇರೆ. ಮಂಡ್ಯ, ಪಾಂಡವಪುರ, ಮಳವಳ್ಳಿ ಕಡೆಯಿಂದ ಮೈಸೂರಿಗೆ ಆಪರೇಷನ್‌ಗೆ ಬರುವ ಮನೆಯವರು ವಾರ್ಡಿನಲ್ಲಿ ಕೇಳುವ ಪ್ರಶ್ನೆಗಳನ್ನು ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಯಾವ ಬ್ಲಾಕ್, ಎಷ್ಟು ಡೋಸ್ ಎಂಬುದು ಅನಸ್ತೇಷಿಯಾ (ಅರಿವಳಿಕೆ) ಡಾಕ್ಟರ ತೀರ್ಮಾನ. ಕೇಳಬೇಕಾದ್ದನ್ನು ಕೇಳುವುದು ಮಾತ್ರ ನಮ್ಮ ಕೆಲಸ.

ಮೊದಲು ಒಂದು ಗೊಂದಲ ಬಿಡಿಸೋಣ

ಗಾಯದ ನೋವು ಮಿದುಳಿಗೆ ಗೊತ್ತಾಗುವುದು ನರದ ಮೂಲಕ. ಆ ನರದ ಸುತ್ತ ಮರಗಟ್ಟಿಸುವ ಔಷಧಿ ಬಿಟ್ಟರೆ ನೋವು ದಾರಿಯಲ್ಲೇ ನಿಲ್ಲುತ್ತದೆ. ಇದೇ ನರದ ಬ್ಲಾಕ್. ಹಲ್ಲು ಕೀಳುವಾಗ ವಸಡಿಗೆ ಕೊಡುತ್ತಾರಲ್ಲ, ಅದೇ ಕೆಲಸ. ಹಲ್ಲಿಗೆ ಸಾಮಾನ್ಯವಾಗಿ ಲಿಗ್ನೊಕೇನ್, ಅದು ಬೇಗ ಬಿಡುತ್ತದೆ. ಆಪರೇಷನ್ ನಂತರದ ನೋವಿಗೆ ಬುಪಿವಕೇನ್ ಅಥವಾ ರೋಪಿವಕೇನ್. ಇವು ಜಾಸ್ತಿ ಹೊತ್ತು ನಿಲ್ಲುತ್ತವೆ. ಅಲ್ಟ್ರಾಸೌಂಡ್ ಇರುವ ಕಡೆ ನರ, ರಕ್ತನಾಳ, ಸೂಜಿ ಮೂರನ್ನೂ ಪರದೆಯಲ್ಲಿ ನೋಡಿಕೊಂಡೇ ಕೊಡುತ್ತಾರೆ.

ಬೆನ್ನಿಗೆ ಕೊಡುವ ಇಂಜೆಕ್ಷನ್ ಬೇರೆ, ಬ್ಲಾಕ್ ಬೇರೆ. ಬೆನ್ನಿನದು ಸ್ಪೈನಲ್. ಸೊಂಟದ ಕೆಳಗೆ ಎರಡೂ ಕಾಲು ಮರಗಟ್ಟುತ್ತವೆ, ಕೆಲವು ಗಂಟೆಗಳಲ್ಲಿ ಬಿಡುತ್ತದೆ. ಅದು ಆಪರೇಷನ್ ಮಾಡುವ ಹೊತ್ತಿಗೆ. ನರದ ಬ್ಲಾಕ್ ಆಪರೇಷನ್ ಆದ ಮೇಲಿನ ನೋವಿಗೆ. ಮಂಡಿ ಬದಲಿಸುವಾಗ ಹೆಚ್ಚಾಗಿ ಎರಡನ್ನೂ ಕೊಡುತ್ತಾರೆ. "ಕಾಲು ಆಡಿಸಲು ಬಂತು, ಆದರೂ ನೋವಿಲ್ಲ, ಹಾಗಾದರೆ ಇನ್ನು ನೋವು ಬರಲ್ಲ" ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆಗ ಬಿಟ್ಟಿರುವುದು ಸ್ಪೈನಲ್ ಮಾತ್ರ. ಬ್ಲಾಕ್ ಇನ್ನೂ ಬಿಡಬೇಕು.

ಹೆಜ್ಜೆ 1: ಇದು ಎಷ್ಟು ದಿನದ ನೋವು ಎಂದು ಕೇಳಿ

ಯಾವ ರೀತಿ ಒಳ್ಳೆಯದು ಎನ್ನುವ ಮೊದಲು ಈ ಪ್ರಶ್ನೆ. ಬೆರಳಿನ ಸಣ್ಣ ಆಪರೇಷನ್, ಹರ್ನಿಯಾ ಇಂಥವಕ್ಕೆ ಮೊದಲ ದಿನ ದಾಟಿದರೆ ಗುಳಿಗೆಯಲ್ಲೇ ನೋವು ನಿಲ್ಲುತ್ತದೆ. ಒಂದು ಇಂಜೆಕ್ಷನ್ ಸಾಕು. ಸಿಸೇರಿಯನ್ ಆದವರಿಗೆ ಹೊಟ್ಟೆಯ ಸ್ನಾಯುಗಳ ಪದರದ ನಡುವೆ ಕೊಡುವ ಟ್ಯಾಪ್ ಬ್ಲಾಕ್ ಕೂಡ ಒಂದೇ ಸಲದ್ದು.

ಮಂಡಿ ಬದಲಾವಣೆ, ಭುಜದ ದೊಡ್ಡ ಆಪರೇಷನ್, ಪಾದ ಮತ್ತು ಕಣಕಾಲಿನ ಮೂಳೆ ಕೂಡಿಸುವುದು, ಇವು ಎರಡು ಮೂರು ದಿನ ಜೋರಾಗಿ ನೋಯುವಂಥವು. ನಳಿಕೆಯ ಮಾತು ಬರುವುದು ಇಲ್ಲಿ.

ವಯಸ್ಸಾದವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬಂದರೆ, ಆಪರೇಷನ್ ತನಕ ಕಾಯಬೇಕಿಲ್ಲ. ತೊಡೆಯ ಮೇಲ್ಭಾಗಕ್ಕೆ ಕೊಡುವ ಒಂದು ಬ್ಲಾಕ್ ಇದೆ, ಅದನ್ನು ಕ್ಯಾಶುಯಾಲ್ಟಿಯಲ್ಲೇ ಕೊಡಬಹುದು. ಎಕ್ಸ್‌ರೇಗೆ ಹೊರಳಿಸುವಾಗ ಅವರು ಪಡುವ ಸಂಕಟ ನೋಡಿದವರಿಗೆ ಇದರ ಬೆಲೆ ಗೊತ್ತು. "ಬ್ಲಾಕ್ ಕೊಡಲು ಆಗುತ್ತಾ ಸರ್" ಎಂದು ಅಲ್ಲೇ ಕೇಳಿ.

ಹೆಜ್ಜೆ 2: ಔಷಧಿ ಕೊಡುವ ನಾಲ್ಕು ರೀತಿಗಳನ್ನು ಹೋಲಿಸಿ ನೋಡಿ

ಒಂದೇ ಇಂಜೆಕ್ಷನ್. ಸುಲಭ, ಖರ್ಚು ಕಡಿಮೆ, ಮೈಗೆ ಯಾವ ನಳಿಕೆಯೂ ಅಂಟಿಕೊಂಡಿರುವುದಿಲ್ಲ. ಸಾಮಾನ್ಯವಾಗಿ 8ರಿಂದ 16 ಗಂಟೆ ಹಿಡಿಯುತ್ತದೆ. ಕೆಲವರಿಗೆ 24 ಗಂಟೆಯ ತನಕ. ಇದಕ್ಕೆ ಡೆಕ್ಸಾಮೆಥಸೋನ್ ಸೇರಿಸಿದರೆ, ಅಥವಾ ಅದನ್ನು ಡ್ರಿಪ್ಪಿನಲ್ಲಿ ಕೊಟ್ಟರೆ, ಇನ್ನೂ ಕೆಲವು ಗಂಟೆ ಮುಂದಕ್ಕೆ ಹೋಗುತ್ತದೆ. ಆದರೆ ಅದು ಸ್ಟೀರಾಯ್ಡ್. ಸಕ್ಕರೆ ಕಾಯಿಲೆ ಇದ್ದವರಿಗೆ ಒಂದೆರಡು ದಿನ ಶುಗರ್ ಏರಬಹುದು, ಗಾಬರಿಯಾಗಬೇಡಿ, ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಬುಪಿವಕೇನನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿ, ನಿಧಾನಕ್ಕೆ ಬಿಡುಗಡೆಯಾಗುವಂತೆ ಮಾಡಿದ ಔಷಧಿಯೂ ಇದೆ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮಾಮೂಲಿ ಬುಪಿವಕೇನಿಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅದು ಸಿಗಲಿಲ್ಲ ಎಂದು ಕೊರಗಬೇಡಿ.

ನಳಿಕೆ ಇಟ್ಟು ಸತತ ಹನಿ. ದಪ್ಪ ದಾರದಷ್ಟು ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ನರದ ಪಕ್ಕದಲ್ಲಿ ಇಟ್ಟು, ಹೊರಗೆ ಅಂಟುಪಟ್ಟಿ ಹಾಕಿ, ಪಂಪಿಗೆ ಜೋಡಿಸುತ್ತಾರೆ. ಇದು ಹೊಸದೇನಲ್ಲ. ಅಮೆರಿಕದ ಅನ್ಸ್‌ಬ್ರೊ ಎಂಬ ವೈದ್ಯರು 1946ರಲ್ಲೇ ಕೈಯ ನರಗಳಿಗೆ ಹೀಗೆ ಔಷಧಿಯನ್ನು ಮತ್ತೆ ಮತ್ತೆ ಬಿಟ್ಟಿದ್ದರು. ಈಗ ಹೆಚ್ಚಾಗಿ 0.2 ಶೇಕಡಾ ರೋಪಿವಕೇನ್, ಗಂಟೆಗೆ 4ರಿಂದ 8 ಎಂ.ಎಲ್. ಎರಡು ಮೂರು ದಿನ ಇಡುತ್ತಾರೆ. ಜಾಸ್ತಿ ದಿನ ಇಟ್ಟಷ್ಟೂ ಸೋಂಕಿನ ಭಯ ಹೆಚ್ಚು.

ಬಿಟ್ಟು ಬಿಟ್ಟು ಒಟ್ಟಿಗೆ. ನಳಿಕೆ ಅದೇ. ಹನಿಹನಿ ಬಿಡುವ ಬದಲು ಪಂಪು ಎರಡು ಮೂರು ಗಂಟೆಗೊಮ್ಮೆ ಒಂದಷ್ಟು ಔಷಧಿಯನ್ನು ಒಟ್ಟಿಗೆ ತಳ್ಳುತ್ತದೆ. ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ನಾಲೆಗೆ ಸರದಿಯಂತೆ, ಬಿಟ್ಟು ಬಿಟ್ಟು, ಕಟ್ಟು ನೀರು ಬಿಡುತ್ತಾರಲ್ಲ, ಹಾಗೆ. ಸಣ್ಣಗೆ ಹರಿಯುವ ನೀರು ಗದ್ದೆಯ ಬಾಯಲ್ಲೇ ಇಂಗುತ್ತದೆ. ಒಮ್ಮೆಲೇ ಬಿಟ್ಟ ನೀರು ಕೊನೆಯ ತಾಕಿನ ತನಕ ಹೋಗುತ್ತದೆ. ಔಷಧಿಯೂ ನರದ ಸುತ್ತ ಚೆನ್ನಾಗಿ ಹರಡುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಹೆರಿಗೆ ನೋವಿಗೆ ಬೆನ್ನಿನಲ್ಲಿ ಇಡುವ ಎಪಿಡ್ಯೂರಲ್ ನಳಿಕೆಯಲ್ಲಿ ಈ ಲೆಕ್ಕ ಚೆನ್ನಾಗಿ ಕೂತಿದೆ, ಹೆರಿಗೆ ವಾರ್ಡಿನಲ್ಲಿ ನಾನೇ ನೋಡಿದ್ದೇನೆ. ಕೈಕಾಲಿನ ನರಗಳ ವಿಷಯದಲ್ಲಿ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ಕಡೆ ಸ್ವಲ್ಪ ಲಾಭ, ಕೆಲವು ಕಡೆ ಏನೂ ವ್ಯತ್ಯಾಸವಿಲ್ಲ. ಇದಕ್ಕಾಗಿಯೇ ಆಸ್ಪತ್ರೆ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಗುಂಡಿ ಒತ್ತಿ ಪಡೆಯುವುದು. ನೋವು ಏರಿತು ಅನಿಸಿದಾಗ ರೋಗಿಯೇ ಗುಂಡಿ ಒತ್ತಿದರೆ ಒಂದು ಅಳತೆ ಔಷಧಿ ಹೋಗುತ್ತದೆ. ಆಮೇಲೆ ಇಂತಿಷ್ಟು ಹೊತ್ತು ಎಷ್ಟು ಒತ್ತಿದರೂ ಬರುವುದಿಲ್ಲ, ಪಂಪಿನಲ್ಲೇ ಬೀಗ ಇರುತ್ತದೆ. ಹೆಚ್ಚಾಗಿ ಸಣ್ಣ ಸತತ ಹನಿ ಮತ್ತು ಗುಂಡಿ ಎರಡನ್ನೂ ಸೇರಿಸುತ್ತಾರೆ. ಒಟ್ಟು ಔಷಧಿ ಕಡಿಮೆ ಸಾಕಾಗುತ್ತದೆ. ನಡೆಸುವ ಹೊತ್ತಿನ ನೋವಿಗೂ ದಾರಿ ಇರುತ್ತದೆ. ನನಗೆ ಇಷ್ಟವಾದ ರೀತಿ ಇದು. ಆದರೆ ಒತ್ತುವವರಿಗೆ ಮಾತ್ರ. 2019ರಲ್ಲಿ ಅವ್ವ ಮೊದಲ ದಿನ ಒಂದು ಸಲವೂ ಒತ್ತಲಿಲ್ಲ. ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಕೇಳಿದರೆ, "ಖಾಲಿಯಾಗ್ಬುಟ್ರೆ ರಾತ್ರಿಗೇನ್ ಮಾಡದು?" ಅಂದಳು. ಬರದ ವರ್ಷಗಳನ್ನು ಕಂಡವಳು, ಔಷಧಿಯನ್ನೂ ಉಳಿಸಿಡುತ್ತಿದ್ದಳು. ಹಿರಿಯರಿಗೆ ಗುಂಡಿ ಕೊಟ್ಟರೆ ಮೊದಲೇ ಕೂತು ಹೇಳಿ: ಇದು ನಿಮಗೇ ಇಟ್ಟಿರುವುದು, ಖಾಲಿಯಾದರೆ ಮತ್ತೆ ತುಂಬುತ್ತಾರೆ, ವ್ಯಾಯಾಮ ಮಾಡಿಸುವ ಫಿಸಿಯೋ ಬರುವ ಅರ್ಧ ಗಂಟೆ ಮೊದಲು ಒಂದು ಸಲ ಒತ್ತಿ. ಮರೆವು, ಗೊಂದಲ ಇರುವವರಿಗೆ ತಾನಾಗಿಯೇ ಬಿಡುವ ಪಂಪು ಒಳ್ಳೆಯದು.

ಹೆಜ್ಜೆ 3: ಪಂಪು ಯಾವುದು ಎಂದು ನೋಡಿಕೊಳ್ಳಿ

ವಾರ್ಡಿನಲ್ಲಿ ನೀವು ಕಾಣುವುದು ಎರಡು ಬಗೆ. ಒಂದು ಕರೆಂಟು ಅಥವಾ ಬ್ಯಾಟರಿಯದು. ಅಳತೆ ಕರಾರುವಾಕ್ಕು, ನಳಿಕೆ ಮಡಚಿದರೆ ಕೂಗುತ್ತದೆ, ಗುಂಡಿ ಎಷ್ಟು ಸಲ ಒತ್ತಿದರು ಎಂಬ ಲೆಕ್ಕ ಇಡುತ್ತದೆ. ಬಿಟ್ಟು ಬಿಟ್ಟು ಕೊಡುವ ರೀತಿ ಬೇಕಾದರೆ ಸಾಮಾನ್ಯವಾಗಿ ಇದೇ ಆಗಬೇಕು.

ಇನ್ನೊಂದು ಬಲೂನು ಪಂಪು. ಪ್ಲಾಸ್ಟಿಕ್ ಚಿಪ್ಪಿನೊಳಗೆ ರಬ್ಬರಿನ ಬಲೂನು, ಅದರೊಳಗೆ ಔಷಧಿ. ಬಲೂನು ಕುಗ್ಗುವ ಒತ್ತಡಕ್ಕೆ ಔಷಧಿ ಸಣ್ಣ ನಳಿಕೆಯಲ್ಲಿ ಹರಿಯುತ್ತದೆ. ಕರೆಂಟು ಬೇಡ, ಸದ್ದಿಲ್ಲ, ಸೊಂಟದ ಚೀಲದಲ್ಲಿ ಹಾಕಿಕೊಂಡು ನಡೆಯಬಹುದು. ಆದರೆ ಇದರ ಅಳತೆ ಅಷ್ಟು ಕರಾರುವಾಕ್ಕಲ್ಲ. ಬಿಸಿ ತಾಗಿದರೆ ಬೇಗ ಹರಿಯುತ್ತದೆ, ತಣ್ಣಗಾದರೆ ನಿಧಾನ. ಮೈಗೆ ಅಂಟಿಸಿರುವ ಸಣ್ಣ ಗಟ್ಟಿ ತುಂಡು ಹರಿವನ್ನು ಹಿಡಿತದಲ್ಲಿಡುವ ಭಾಗ, ಮೈಯ ಬಿಸಿಗೆ ತಕ್ಕಂತೆ ಮಾಡಿರುತ್ತಾರೆ. ಅದನ್ನು ಕೀಳಬೇಡಿ, ಅದರ ಮೇಲೆ ಐಸ್ ಚೀಲ ಇಡಬೇಡಿ.

ಖಾಲಿ ಆಗುತ್ತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ ಎಂಬುದೇ ಬಲೂನಿನ ದೊಡ್ಡ ತಲೆನೋವು. ಬೆಳಿಗ್ಗೆ ಸಂಜೆ ಒಂದೇ ಜಾಗದಿಂದ ಫೋನಿನಲ್ಲಿ ಫೋಟೋ ತೆಗೆಯಿರಿ, ಕುಗ್ಗಿದ್ದು ಕಾಣುತ್ತದೆ. ಲೆಕ್ಕವೂ ಕಷ್ಟವಿಲ್ಲ. 400 ಎಂ.ಎಲ್. ತುಂಬಿ ಗಂಟೆಗೆ 8 ಎಂ.ಎಲ್. ಬಿಟ್ಟರೆ 50 ಗಂಟೆ. ಗಂಟೆಗೆ 5 ಆದರೆ 80 ಗಂಟೆ. ಶುರುವಾದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಮಂಚಕ್ಕೆ ಅಂಟಿಸಿ. ಹೇಳಿದ ಹೊತ್ತಿಗಿಂತ ತುಂಬಾ ಮುಂಚೆ ಖಾಲಿಯಾದರೆ ತಕ್ಷಣ ತಿಳಿಸಿ.

ಹೆಜ್ಜೆ 4: ಆಪರೇಷನ್ ಹಿಂದಿನ ದಿನ ಮಾತಾಡಿ

ಅನಸ್ತೇಷಿಯಾ ಡಾಕ್ಟರು ಒಮ್ಮೆ ನೋಡಲು ಬರುತ್ತಾರೆ, ಅಥವಾ ನಿಮ್ಮನ್ನೇ ಕಳಿಸುತ್ತಾರೆ. ಬಿಪಿ ನೋಡಿ ಹೋಗಲಿ ಎಂದು ಸುಮ್ಮನೆ ಕೂರಬೇಡಿ. ಹೇಳಲೇಬೇಕಾದ್ದು: ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುತ್ತಿದ್ದರೆ, ಶುಗರ್‌ನಿಂದ ಪಾದ ಜೋಮು ಹಿಡಿಯುವುದಿದ್ದರೆ, ಹಿಂದೆ ಹಲ್ಲಿನ ಇಂಜೆಕ್ಷನ್‌ಗೆ ಏನಾದರೂ ಆಗಿದ್ದರೆ, ಉಸಿರಾಟದ ತೊಂದರೆ ಇದ್ದರೆ. ಕೊನೆಯದು ಭುಜದ ಆಪರೇಷನ್‌ಗೆ ಮುಖ್ಯ. ಕುತ್ತಿಗೆಯ ಬದಿಗೆ ಕೊಡುವ ಬ್ಲಾಕ್ ಆ ಕಡೆಯ ವಪೆಯ (ಉಸಿರಾಡಿಸುವ ಸ್ನಾಯುವಿನ) ನರವನ್ನೂ ಹಿಡಿಯಬಹುದು, ಉಸಿರು ಸ್ವಲ್ಪ ಕಡಿಮೆಯಾಗುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೂ ಆಗುವುದಿಲ್ಲ. ಶ್ವಾಸಕೋಶ ಕೆಟ್ಟವರಿಗೆ ಬೇರೆ ಜಾಗ ಹುಡುಕಬೇಕಾಗುತ್ತದೆ.

ಮಂಡಿ ಆಪರೇಷನ್ ಆದರೆ ಇದೊಂದನ್ನು ಕೇಳಿ: "ತೊಡೆಯ ಬಲ ಹೋಗುವ ಬ್ಲಾಕಾ, ಉಳಿಯುವ ಬ್ಲಾಕಾ?" ತೊಡೆಸಂದಿಯಲ್ಲಿ ಕೊಡುವ ಫೆಮೊರಲ್ ಬ್ಲಾಕ್ ನೋವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ತೊಡೆಯ ಮುಂದಿನ ಸ್ನಾಯುವನ್ನೂ ಸುಸ್ತು ಮಾಡುತ್ತದೆ. ಎದ್ದು ನಿಂತರೆ ಮಂಡಿ ಮಡಚಿ ಬೀಳಬಹುದು. ತೊಡೆಯ ನಡುವೆ ಒಳಮಗ್ಗುಲಲ್ಲಿ ಕೊಡುವ ಅಡಕ್ಟರ್ ಕೆನಾಲ್ ಬ್ಲಾಕಿನಲ್ಲಿ ಬಲ ಬಹುಮಟ್ಟಿಗೆ ಉಳಿಯುತ್ತದೆ. ಅದು ಮಂಡಿಯ ಹಿಂಭಾಗವನ್ನು ಹಿಡಿಯುವುದಿಲ್ಲ, ಅದಕ್ಕೇ ಹಿಂದುಗಡೆಗೆ ಇನ್ನೊಂದು ಇಂಜೆಕ್ಷನ್ ಸೇರಿಸುವುದುಂಟು. "ಮುಂದೆ ನೋವಿಲ್ಲ, ಹಿಂದೆ ಮಾತ್ರ ನೋಯ್ತದೆ" ಎಂದರೆ ಬ್ಲಾಕ್ ಕೆಟ್ಟಿತು ಎಂದಲ್ಲ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ 30 ಶೇಕಡಾದಂತೆ 1.5 ಲಕ್ಷದ ತನಕ ಸಿಗುವಂತೆ ಮಾಡಿದ್ದಾರೆ. ನಳಿಕೆ ಮತ್ತು ಪಂಪು ಪ್ಯಾಕೇಜಿನೊಳಗೆ ಬರುತ್ತದೆಯೋ, ಹೊರಗಿನಿಂದ ತರಬೇಕೋ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ಆಪರೇಷನ್ ದಿನ ಬೆಳಿಗ್ಗೆ ಮೆಡಿಕಲ್ ಸ್ಟೋರಿಗೆ ಓಡುವ ಸಂಕಟ ತಪ್ಪುತ್ತದೆ.

ಹೆಜ್ಜೆ 5: ಬ್ಲಾಕ್ ಬಿಡುವ ರಾತ್ರಿಗೆ ತಯಾರಾಗಿ

ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಹೆಜ್ಜೆಗಾಗಿ. ಒಂದೇ ಇಂಜೆಕ್ಷನ್ ಆದವರು ಇದನ್ನು ಎರಡು ಸಲ ಓದಿ.

ಬ್ಲಾಕ್ ಕೊಟ್ಟ ಸಮಯ ಕೇಳಿ ಬರೆದುಕೊಳ್ಳಿ. ಬೆಳಿಗ್ಗೆ 10ಕ್ಕೆ ಕೊಟ್ಟಿದ್ದರೆ ಸಂಜೆ 6ರ ನಂತರ ಯಾವಾಗ ಬೇಕಾದರೂ ಬಿಡಬಹುದು, ನಡುರಾತ್ರಿ 2ರ ಹೊತ್ತಿಗೆ ಬಹಳ ಜನರಿಗೆ ಬಿಟ್ಟಿರುತ್ತದೆ. ವಾರ್ಡಿನಲ್ಲಿ ಜನ ಕಡಿಮೆ ಇರುವ ಹೊತ್ತು ಅದೇ. ನೋವು ಮೆಲ್ಲಗೆ ಏರುವುದಿಲ್ಲ. ಅಷ್ಟು ಹೊತ್ತು ತಡೆದಿದ್ದು ಒಟ್ಟಿಗೆ ನುಗ್ಗಿದ ಹಾಗೆ ಬರುತ್ತದೆ. ಕೆಲವು ಗಂಟೆ ಹಾಗೇ ಇರುತ್ತದೆ. ನೋವು ಬಂದ ಮೇಲೆ ನುಂಗಿದ ಗುಳಿಗೆ ಹಿಡಿಯಲು ಅರ್ಧದಿಂದ ಒಂದು ಗಂಟೆ ಬೇಕು. ಆ ಒಂದು ಗಂಟೆ ಬಹಳ ದೊಡ್ಡದು.

ಆದ್ದರಿಂದ ನೋವಿಲ್ಲದಿದ್ದರೂ ಡಾಕ್ಟರು ಬರೆದ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ಫೋನಿನಲ್ಲಿ ಅಲಾರಂ ಇಡಿ. ನಿದ್ದೆಯಲ್ಲಿದ್ದಾರೆ, ಪಾಪ ಎಬ್ಬಿಸುವುದು ಬೇಡ ಎಂದು ಬಿಡಬೇಡಿ, ಆ ರಾತ್ರಿ ಮಾತ್ರ ಎಬ್ಬಿಸಿ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಮುಖ್ಯ ಗುಳಿಗೆ. ಎಲ್ಲಾ ಸೇರಿ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತಲೂ ಕಡಿಮೆ. ನೆಗಡಿ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಲೆಕ್ಕಕ್ಕೆ ಸೇರಿಸಿ. ಕಿಡ್ನಿ, ಹೊಟ್ಟೆಹುಣ್ಣು, ಹೃದಯದ ತೊಂದರೆ ಇದ್ದವರು ಬೇರೆ ನೋವಿನ ಗುಳಿಗೆಗಳನ್ನು ಊರಿನ ಅಂಗಡಿಯಿಂದ ತಂದು ನುಂಗಬಾರದು.

ಮಲಗುವ ಮೊದಲು ಡ್ಯೂಟಿ ಸಿಸ್ಟರ್ ಹತ್ತಿರ ಹೋಗಿ ಕೇಳಿ: "ರಾತ್ರಿ ನೋವು ಜಾಸ್ತಿಯಾದರೆ ಏನು ಕೊಡಲು ಬರೆದಿದ್ದಾರೆ ಸಿಸ್ಟರ್?" ಬರೆದಿಲ್ಲದಿದ್ದರೆ ಡಾಕ್ಟರು ಮನೆಗೆ ಹೋಗುವ ಮುಂಚೆ ಬರೆಸಬಹುದು. ಜೋಮು ಬಿಡುವಾಗ ಇರುವೆ ಹರಿದ ಹಾಗೆ ಅನಿಸುತ್ತದೆ, ಬೆಚ್ಚಗಾಗುತ್ತದೆ. ಅದೇ ಸೂಚನೆ. ಆಗಲೇ ಸಿಸ್ಟರನ್ನು ಕರೆಯಿರಿ, ನೋವಿಗೆ ಕಾಯಬೇಡಿ. ಅದೇ ದಿನ ಮನೆಗೆ ಕಳಿಸುವ ಆಪರೇಷನ್ ಆದರೆ, ಸಂಜೆ ಬಸ್ಸು ಹತ್ತುವ ಮೊದಲೇ ಗುಳಿಗೆ ಕೈಯಲ್ಲಿರಲಿ. ಹಳ್ಳಿಯಲ್ಲಿ ರಾತ್ರಿ ಮೆಡಿಕಲ್ ಸ್ಟೋರ್ ತೆರೆದಿರುವುದಿಲ್ಲ, ಅಲ್ವಾ?

ಹೆಜ್ಜೆ 6: ಮರಗಟ್ಟಿದ ಕೈಕಾಲನ್ನು ಕಾಯಿರಿ

ನೋವು ಗೊತ್ತಾಗದ ಕಾಲಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ನೋಡಲು ಬಂದ ನೆಂಟರು ಪ್ರೀತಿಯಿಂದ ಉಪ್ಪಿನ ಶಾಖ ಕೊಡಲು ಹೋಗುತ್ತಾರೆ, ಬಿಸಿನೀರಿನ ಚೀಲ ತರುತ್ತಾರೆ. ಬೇಡ. ಹಿಮ್ಮಡಿ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲೇ ಹುಣ್ಣಾಗುತ್ತದೆ, ಆಗಾಗ ನೋಡಿ. ಕೈಗೆ ಬ್ಲಾಕ್ ಆಗಿದ್ದರೆ ಕೈ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲೇ ಇರಲಿ. ಕಾಲಿಗೆ ಆಗಿದ್ದರೆ ಒಬ್ಬರು ಹಿಡಿದುಕೊಳ್ಳದೆ ಏಳಬಾರದು. ರಾತ್ರಿ ಶೌಚಕ್ಕೆ ಯಾರನ್ನೂ ಎಬ್ಬಿಸದೆ ಎದ್ದು ಬಿದ್ದವರನ್ನು ನೋಡಿದ್ದೇನೆ. ಕಮೋಡ್ ಕುರ್ಚಿ ಮಂಚದ ಪಕ್ಕದಲ್ಲೇ ಇರಲಿ.

ನಳಿಕೆಯ ಜಾಗದಲ್ಲಿ ಸ್ವಲ್ಪ ನೀರಿನಂತೆ ಜಿನುಗುವುದು ಸಾಮಾನ್ಯ, ಸಿಸ್ಟರಿಗೆ ಹೇಳಿದರೆ ಪಟ್ಟಿ ಬದಲಿಸುತ್ತಾರೆ. ಕೆಂಪಾಗುವುದು, ಕೀವು, ಜ್ವರ ಸಾಮಾನ್ಯವಲ್ಲ.

ಇವು ಕಂಡರೆ ಒಂದು ನಿಮಿಷವೂ ಕಾಯಬೇಡಿ: ಬಾಯಲ್ಲಿ ಲೋಹದ ರುಚಿ, ತುಟಿಯ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮಾತು ತೊದಲುವುದು, ಮೈ ನಡುಕ. ಔಷಧಿ ರಕ್ತಕ್ಕೆ ಜಾಸ್ತಿ ಸೇರಿದ ಗುರುತು ಇದು. ಅಪರೂಪ, ಆದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಪಂಪಿನ ಕ್ಲಿಪ್ ಒತ್ತಿ ನಿಲ್ಲಿಸಿ, ಕೂಗಿ ಕರೆಯಿರಿ. ಮನೆಯಲ್ಲಿದ್ದರೆ 108. ಇದಕ್ಕೆ 20 ಶೇಕಡಾ ಲಿಪಿಡ್ ಎಂಬ ಹಾಲಿನ ಬಣ್ಣದ ಡ್ರಿಪ್ ಇದೆ, ಹೊತ್ತಿಗೆ ಸಿಕ್ಕರೆ ಜೀವ ಉಳಿಯುತ್ತದೆ. ಇನ್ನೊಂದು: ಮೊಣಕಾಲಿನ ಕೆಳಗಿನ ಮೂಳೆ ಮುರಿದು ಆಪರೇಷನ್ ಆದವರಿಗೆ ಬ್ಲಾಕ್ ಇದ್ದೂ ನೋವು ಏರುತ್ತಲೇ ಹೋದರೆ, ಮೀನಖಂಡ ಕಲ್ಲಿನಂತೆ ಬಿಗಿದರೆ, ಗುಳಿಗೆ ಕೇಳಬೇಡಿ. ಡಾಕ್ಟರೇ ಬಂದು ಕಾಲು ನೋಡಲಿ.

ಹೆಜ್ಜೆ 7: ನಳಿಕೆ ತೆಗೆಯುವ ದಿನ

ನಳಿಕೆ ಇಟ್ಟವರಿಗೂ ನೋವು ಮರಳುವ ಹೊತ್ತು ಬರುತ್ತದೆ, ಆದರೆ ಮೂರನೇ ನಾಲ್ಕನೇ ದಿನಕ್ಕೆ ಅದರ ಜೋರು ಇಳಿದಿರುತ್ತದೆ. ಬೆಳಿಗ್ಗೆಯೇ ನಿಲ್ಲಿಸಲು ಕೇಳಿಕೊಳ್ಳಿ. ಏನಾದರೂ ಆದರೆ ಹಗಲಲ್ಲಿ ಎಲ್ಲರೂ ಇರುತ್ತಾರೆ. ನಿಲ್ಲಿಸುವ ಒಂದು ಗಂಟೆ ಮೊದಲು ಗುಳಿಗೆ ಆಗಿರಲಿ. ರಕ್ತ ತೆಳು ಮಾಡುವ ಇಂಜೆಕ್ಷನ್ ನಡೆಯುತ್ತಿದ್ದರೆ, ಕೊನೆಯದು ಯಾವಾಗ ಕೊಟ್ಟರು ಎಂದು ನೋಡಿಕೊಂಡು ತೆಗೆಯುತ್ತಾರೆ. ಎಳೆದರೆ ನೋವಿಲ್ಲದೆ ಜಾರಿ ಬರಬೇಕು. ಬಿಗಿ ಅನಿಸಿದರೆ, ಕಾಲಿನಲ್ಲಿ ಮಿಂಚು ಹೊಡೆದಂತೆ ಆದರೆ, ನಿಲ್ಲಿಸಲು ಹೇಳಿ. ತೆಗೆದ ನಳಿಕೆಯ ತುದಿ ಪೂರ್ತಿ ಇದೆಯೇ ಎಂದು ಸಿಸ್ಟರ್ ನೋಡುತ್ತಾರೆ, ನೀವೂ ನೋಡಿ. ಒಂದು ದಿನ ಕಳೆದರೂ ಜೋಮು ಅಥವಾ ಬಲಹೀನತೆ ಉಳಿದಿದ್ದರೆ ಅನಸ್ತೇಷಿಯಾ ಡಾಕ್ಟರಿಗೆ ತಿಳಿಸಿ. ಹೆಚ್ಚಿನವರಿಗೆ ವಾರ, ತಿಂಗಳಲ್ಲಿ ಸರಿಹೋಗುತ್ತದೆ, ಆದರೂ ಬೇಗ ತೋರಿಸಿದಷ್ಟು ಒಳ್ಳೆಯದು.

ಅವ್ವನಿಗೆ ನಾಲ್ಕನೇ ದಿನ ಬೆಳಿಗ್ಗೆ 8ಕ್ಕೆ ಗುಳಿಗೆ ಕೊಟ್ಟು, 9ಕ್ಕೆ ನಳಿಕೆ ತೆಗೆದರು. ಮಧ್ಯಾಹ್ನ ವಾಕರ್ ಹಿಡಿದು ಕಿಟಕಿಯ ತನಕ ನಡೆದಳು. ಆ ರಾತ್ರಿಯೂ ನಾನು ಅಲಾರಂ ಇಟ್ಟು ಎದ್ದು ಗುಳಿಗೆ ಕೊಟ್ಟೆ. ಬೆಳಿಗ್ಗೆ ಮೊಣಕಾಲಿನ ಕೆಳಗೆ ಒಳಮಗ್ಗುಲನ್ನು ಹತ್ತಿಯಿಂದ ಮುಟ್ಟಿ, ಗೊತ್ತಾಗ್ತದಾ ಎಂದು ಕೇಳಿದೆ. "ಎರಡು ಕಾಲೂ ಒಂದೇ ತರ ಅವೆ ಕಣವ್ವ" ಅಂದಳು.